ಎರಡನೇ ಸಲ ಪಾಸಾಗುವ ಕಂಟ್ರೋಲ್

ಮಹಿಳೆ, ವಯಸ್ಸು 27. ತವರು ವಿಜಯಪುರ ಜಿಲ್ಲೆ, ಮನೆಯಲ್ಲಿ ದ್ರಾಕ್ಷಿ ತೋಟ. ಬಯೋಕೆಮಿಸ್ಟ್ರಿ ಓದಿದವರು. ಪುಣೆ ಜಿಲ್ಲೆಯ ಒಂದು ವೈನರಿಯ ಲ್ಯಾಬಿನಲ್ಲಿ ಇದು ಅವರ ಎರಡನೇ ಸುಗ್ಗಿ. ಗುರುತು ಸಿಗದಂತೆ ವಿವರ ಬದಲಿಸಿದೆ. ಬರೆಯಲು ಅವರ ಒಪ್ಪಿಗೆ ಇದೆ.

ಫೆಬ್ರವರಿ ಕೊನೆಯಲ್ಲಿ ಆಪ್ತಸಮಾಲೋಚನೆಗೆಂದು ನಮ್ಮ ಬಳಿ ಬಂದರು. ಮೂರು ವಾರದಿಂದ ನಿದ್ದೆ ಇಲ್ಲ, ಊಟ ರುಚಿಸುತ್ತಿಲ್ಲ, ಕೆಲಸ ಬಿಟ್ಟು ಊರಿಗೆ ಹೋಗಿಬಿಡಬೇಕು ಅನಿಸುತ್ತಿದೆ ಎಂದರು. ಯಾಕೆ ಎಂದು ಕೇಳಿದಾಗ ಹೇಳಿದ್ದು ಇಷ್ಟು: "ಮೇಡಂ, ಒಂದ ಸ್ಯಾಂಪಲ್ ಎರಡ ಸಲ ಹಾಕಿದ್ರ ಎರಡ ಬ್ಯಾರೆ ಉತ್ತರ ಬರ್ತಾವ್ರಿ. ಮಷೀನ್ ಛಲೋ ಐತಿ ಅಂತಾರ. ಹಂಗಾರ ಕೆಟ್ಟಿದ್ದು ನನ್ನ ಕೈನ ಅಲ್ರೀ?"

ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ ಎಂದರು. ಇಂಥವರಿಗೆ "ಧೈರ್ಯವಾಗಿರಿ" ಎಂದು ಕಳಿಸಿದರೆ ಮರುದಿನ ವೈನಿನ ಸಕ್ಕರೆ, ಆಮ್ಲ ಅಳೆಯುವ ಅದೇ ಯಂತ್ರದ ಮುಂದೆ ಅದೇ ಭಯ. ಅದಕ್ಕೇ ಎರಡನೇ ಭೇಟಿಗೆ ಲ್ಯಾಬ್ ರಿಜಿಸ್ಟರ್ ತರಲು ಹೇಳಿ, ಎನ್ಜೈಮ್ ವಿಶ್ಲೇಷಣೆ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡೆವು.

ರಿಜಿಸ್ಟರ್ ತೆರೆಯುವ ಮೊದಲು ಅವರು ಒಂದು ಮಾತು ಒಪ್ಪಿಕೊಂಡರು. ಸಂಜೆಯ ಕಂಟ್ರೋಲ್ (ಯಂತ್ರ ಸರಿ ಇದೆಯೇ ಎಂದು ನೋಡಲು ಹಾಕುವ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಫೇಲ್ ಆದರೆ ಮತ್ತೊಮ್ಮೆ ಹಾಕುತ್ತಿದ್ದರು. ಎರಡನೇ ಸಲ ಪಾಸಾಗುತ್ತಿತ್ತು. ಮೊದಲನೆಯದು ತನ್ನ ತಪ್ಪೆಂದು ಗೀಟು ಹಾಕಿ ಹೊಡೆದುಹಾಕುತ್ತಿದ್ದರು. ನಿದ್ದೆ ಕೆಡಿಸಿದ್ದು ಈ ಗೀಟುಗಳೇ. ಪುಣ್ಯಕ್ಕೆ ಗೀಟಿನ ಕೆಳಗಿನ ಅಂಕಿ ಓದಲು ಬರುತ್ತಿತ್ತು. ಹನ್ನೊಂದು ಗೀಟು ಇದ್ದವು, ಹನ್ನೊಂದೂ ಗ್ಲೂಕೋಸ್-ಫ್ರಕ್ಟೋಸ್ ಪರೀಕ್ಷೆಯವು, ಹನ್ನೊಂದರಲ್ಲೂ ರೀಡಿಂಗ್ ಮೇಲಕ್ಕೇ ಹೋಗಿತ್ತು. ಕೈ ತಪ್ಪಿದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರಬೇಕಲ್ಲ.

ಆ ಸಂಜೆಗಳಲ್ಲಿ ಕಂಟ್ರೋಲಿಗೆ ಮುಂಚೆ ಟ್ರೇಯಲ್ಲಿ ಏನಿತ್ತೆಂದು ಹಿಂದೆ ತಿರುವಿ ನೋಡಿದೆವು. ಪ್ರತಿ ಸಲವೂ ಹುದುಗುತ್ತಿರುವ ಮಸ್ಟ್, ಅಂದರೆ ಇನ್ನೂ ವೈನ್ ಆಗದ ದ್ರಾಕ್ಷಿ ರಸ, ಲೀಟರಿಗೆ 100ರಿಂದ 150 ಗ್ರಾಂ ಸಕ್ಕರೆ.

ಈ ಪರೀಕ್ಷೆಯಲ್ಲಿ ಹೆಕ್ಸೋಕೈನೇಸ್ ಎನ್ಜೈಮ್ ಗ್ಲೂಕೋಸಿಗೂ ಫ್ರಕ್ಟೋಸಿಗೂ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ಸೇರಿಸುತ್ತದೆ. ಇನ್ನೊಂದು ಎನ್ಜೈಮ್ ಫ್ರಕ್ಟೋಸಿನದನ್ನೂ ಗ್ಲೂಕೋಸ್-6-ಫಾಸ್ಫೇಟ್ ಮಾಡುತ್ತದೆ. ಅದು ಉತ್ಕರ್ಷಣಗೊಂಡಾಗ ಹುಟ್ಟುವ ಎನ್‌ಎಡಿಪಿಎಚ್ ಎಂಬ ವಸ್ತು ಎಷ್ಟಿದೆ ಎಂದು 340 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆಯುತ್ತಾರೆ. ಸಕ್ಕರೆ ಎಲ್ಲಿಂದ ಬಂತೆಂದು ಎನ್ಜೈಮಿಗೆ ತಿಳಿಯದು. ಹಿಂದಿನ ಕಪ್ಪಿನಿಂದ ಪ್ರೋಬಿಗೆ (ಸ್ಯಾಂಪಲ್ ಹೀರುವ ಸೂಜಿಗೆ) ಅಂಟಿಕೊಂಡು ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಲೀಟರಿಗೆ 150 ಗ್ರಾಂ ಸಕ್ಕರೆಯ ಮಸ್ಟಿನಿಂದ ಶೇಕಡಾ ಅರ್ಧ ದಾಟಿ ಬಂದರೂ ಮುಂದಿನ ಕಪ್ಪಿನ ರೀಡಿಂಗಿಗೆ ಲೀಟರಿಗೆ 0.75 ಗ್ರಾಂ. ಮಸ್ಟನ್ನು ಯಂತ್ರವೇ ಡೈಲ್ಯೂಟ್ ಮಾಡಿಕೊಳ್ಳುತ್ತದಲ್ಲ ಎಂದು ಅವರು ಕೇಳಿದರು. ಮಾಡಿಕೊಳ್ಳುತ್ತದೆ, ಆದರೆ ಪ್ರೋಬ್ ಮೊದಲು ಮುಳುಗುವುದು ಅಸಲು ಕಪ್ಪಿನಲ್ಲೇ. ಎರಡನೇ ಸಲ ಕಂಟ್ರೋಲ್ ಪಾಸಾಗುತ್ತಿದ್ದುದಕ್ಕೂ ಇದೇ ಕಾರಣ: ಮೊದಲನೆಯದು ಪ್ರೋಬನ್ನು ತೊಳೆದುಕೊಟ್ಟಿರುತ್ತಿತ್ತು. ಅವರು ತಪ್ಪೆಂದು ಹೊಡೆದುಹಾಕಿದ್ದೇ ಯಂತ್ರ ಹೇಳಿದ ನಿಜ. ಈ ಮಾತು ಕೇಳಿ ಅವರು ಬಹಳ ಹೊತ್ತು ಅತ್ತರು. ನಾವು ಅವಸರ ಮಾಡಲಿಲ್ಲ.

ಮನೆಪಾಠವಾಗಿ ಒಂದು ಪರೀಕ್ಷೆ ಕೊಟ್ಟೆವು. ಹೆಚ್ಚು ಸಕ್ಕರೆಯ ಸ್ಯಾಂಪಲ್ ಸತತ ಮೂರು ಸಲ, ಬೆನ್ನಿಗೇ ಡ್ರೈ ವೈನ್ (ಸಕ್ಕರೆ ಬಹುತೇಕ ಉಳಿದಿರದ ವೈನ್) ಮೂರು ಸಲ. ಡ್ರೈ ವೈನಿನ ಮೊದಲ ರೀಡಿಂಗಿನಲ್ಲಿ ಮೂರನೆಯದನ್ನು ಕಳೆದು, ಬಂದದ್ದನ್ನು ಹೆಚ್ಚು ಸಕ್ಕರೆಯ ಮೂರನೇ ರೀಡಿಂಗಿಗೂ ಡ್ರೈ ವೈನಿನ ಮೂರನೆಯದಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಅವರಿಗೆ ಬಂದದ್ದು 150, ಆಮೇಲೆ 1.4, 0.7, 0.6. ಅಂದರೆ ಶೇಕಡಾ 0.54. ಜೊತೆಗೆ ಪ್ರೋಬ್ ಮೇಲೇಳುವಾಗ ಕಣ್ಣಿಟ್ಟು ನೋಡಲು ಹೇಳಿದ್ದೆವು. ತುದಿಯಿಂದ ಸ್ವಲ್ಪ ಮೇಲೆ ಕಂದು ಬಣ್ಣದ ತೆಳು ಪೊರೆ, ಅದಕ್ಕೆ ಸಾಸಿವೆ ಕಾಳಿನಷ್ಟು ಹನಿ ತೂಗುತ್ತಿತ್ತು. ಪ್ರೋಬ್ ತೊಳೆಯುವ ವಾಶ್ ದ್ರಾವಣ ಖಾಲಿಯಾಗಿ ಎಷ್ಟೋ ದಿನವಾಗಿತ್ತು, ಬಾಟಲಿಗೆ ಯಾರೋ ಬರೀ ನೀರು ತುಂಬಿದ್ದರು.

ಯಂತ್ರ ಆಫ್ ಮಾಡಿ, ನಾರು ಬಿಡದ ಬಟ್ಟೆಯನ್ನು ಶೇ. 70 ಆಲ್ಕೋಹಾಲಿನಲ್ಲಿ ಅದ್ದಿ ಪ್ರೋಬನ್ನು ಮೇಲಿಂದ ಕೆಳಕ್ಕೆ ಒರೆಸಬೇಕು. ಆಮೇಲೆ ತಯಾರಕರು ಹೇಳಿದ ವಾಶ್ ದ್ರಾವಣ. ಬ್ಲೀಚ್ ಬಳಸಿದರೆ ನಂತರ ನೀರು ಧಾರಾಳವಾಗಿ ಹರಿಸಬೇಕು, ಉಳಿದ ಕ್ಲೋರಿನ್ ಎನ್ಜೈಮನ್ನೇ ಕೊಲ್ಲುತ್ತದೆ. ಹೀಗೆ ಮಾಡಿದ ಮೇಲೆ ಅದೇ ಪರೀಕ್ಷೆಯಲ್ಲಿ ಡ್ರೈ ವೈನಿನ ಮೊದಲ ರೀಡಿಂಗ್ 0.65ಕ್ಕೆ ಇಳಿಯಿತು.

ಅವರನ್ನು ಹೆಚ್ಚು ಕಂಗೆಡಿಸಿದ್ದು ಇನ್ನೊಂದು. ಒಂದು ಕೆಂಪು ವೈನಿನ ಟ್ಯಾಂಕಿನ ಮ್ಯಾಲಿಕ್ ಆಮ್ಲ ಲೀಟರಿಗೆ 0.14, 0.41, 0.22 ಗ್ರಾಂ ಎಂದು ಕುಣಿಯುತ್ತಿತ್ತು. 0.14 ನೋಡಿ ಮ್ಯಾಲೋಲ್ಯಾಕ್ಟಿಕ್ (ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲ ಮಾಡುವ ಹಂತ) ಮುಗಿಯಿತೆಂದು, ಆ ಬ್ಯಾಕ್ಟೀರಿಯಾ ತಡೆಯುವ ಸಲ್ಫರ್ ಡೈಆಕ್ಸೈಡ್ ಹಾಕಿದ್ದರು. ಆಮೇಲೆ, ಆಮ್ಲಗಳನ್ನು ಕಾಗದದ ಮೇಲೆ ಬೇರೆ ಬೇರೆ ಕಲೆಗಳಾಗಿ ತೋರಿಸುವ ಪೇಪರ್ ಕ್ರೊಮಟೋಗ್ರಫಿಯಲ್ಲಿ ಮ್ಯಾಲಿಕ್ ಕಲೆ ಎದ್ದು ಕಂಡಿತು, ಎಲ್ಲರೆದುರು ಬೈಗುಳ. ಇದಕ್ಕೂ ಪ್ರೋಬಿನ ಕೊಳೆಗೂ ಸಂಬಂಧವಿಲ್ಲ. ಮಸ್ಟಿನಲ್ಲಿ ಮ್ಯಾಲಿಕ್ 3 ಗ್ರಾಂ ಎಂದರೂ ಅರ್ಧ ಶೇಕಡಾ ದಾಟಿದರೆ 0.015 ಅಷ್ಟೇ, ಅದೂ ರೀಡಿಂಗನ್ನು ಏರಿಸಬೇಕೇ ಹೊರತು ಇಳಿಸಬಾರದು. ಇಲ್ಲಿನ ಕಳ್ಳ ವೈನಿನಲ್ಲಿ ಉಳಿದು ನೊರೆ ಎಬ್ಬಿಸುವ ಇಂಗಾಲದ ಡೈಆಕ್ಸೈಡ್. ಪ್ರೋಬ್ ಎಳೆಯುವುದೇ ಕೆಲವು ಮೈಕ್ರೋಲೀಟರ್. ನೊರೆಯನ್ನೇ ದ್ರವದ ಮಟ್ಟ ಎಂದುಕೊಂಡು ಅಲ್ಲೇ ನಿಂತರೆ ಅರ್ಧ ಗಾಳಿ ಎಳೆಯುತ್ತದೆ. ಸುಮಾರು 50 ಮಿಲಿಲೀಟರನ್ನು ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಗುಳ್ಳೆ ನಿಲ್ಲುವವರೆಗೆ ಕುಲುಕಿ, ಶಬ್ದದ ಅಲೆಗಳಿಂದ ಅನಿಲ ಹೊರಡಿಸುವ ಸೋನಿಕೇಟರಿನಲ್ಲಿ ಐದು ನಿಮಿಷ ಇಟ್ಟು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಹಾಕಿಸಿದೆವು. 0.58, 0.60.

ನಂಬಿಕೆ ಬರಲಿ ಎಂದು ಇನ್ನೊಂದು ಪರೀಕ್ಷೆ: 9.9 ಮಿಲಿಲೀಟರ್ ವೈನಿಗೆ ಲೀಟರಿಗೆ 50 ಗ್ರಾಂ ಇರುವ ಎಲ್-ಮ್ಯಾಲಿಕ್ ದ್ರಾವಣ 0.1 ಮಿಲಿಲೀಟರ್ ಸೇರಿಸಿದರೆ ರೀಡಿಂಗ್ ಹೆಚ್ಚುಕಡಿಮೆ 0.5 ಏರಬೇಕು. ಡಿಎಲ್ ಪುಡಿ ತೂಗಿದರೆ ಅರ್ಧವೇ ಕಾಣುತ್ತದೆ, ಎನ್ಜೈಮ್ ಹಿಡಿಯುವುದು ಎಲ್ ರೂಪವನ್ನು ಮಾತ್ರ.

ಕೊಟ್ಟ ಸಲಹೆಯಲ್ಲಿ ಅವರಿಗೆ ಕಷ್ಟವಾದದ್ದು ಒಂದೇ, ಗೀಟುಗಳ ವಿಷಯವನ್ನು ವೈನ್‌ಮೇಕರಿಗೆ ತಾವೇ ಹೇಳುವುದು. "ಕೆಲಸ ಹೋದ್ರ ಅಪ್ಪಗ ಏನ್ ಹೇಳ್ಲಿ ಮೇಡಂ?" ಭಯ ನ್ಯಾಯವಾದದ್ದೇ. ಆದರೆ ಆ ದಿನಗಳಲ್ಲಿ ಮಸ್ಟಿನ ಬೆನ್ನಿಗೆ ಅಳೆದ ಡ್ರೈ ವೈನುಗಳ ವರದಿ ಈಗಲೂ ತಪ್ಪಾಗಿಯೇ ಇದೆ, ಬಾಟಲಿಗೆ ಹೋಗುವ ಮೊದಲು ಯಾರಾದರೂ ಹೇಳಲೇಬೇಕು. ಒಂದು ಪುಟ ಬರೆಸಿದೆವು. ಮೊದಲು ಟ್ಯಾಂಕ್ ನಂಬರುಗಳು, ಮತ್ತೆ ಅಳೆದ ರೀಡಿಂಗ್, ಕಾರಣ, ಮಾಡಿದ ದುರಸ್ತಿ. ಕೊನೆಗೆ ಒಂದೇ ಸಾಲು: "ಫೇಲ್ ಆದ ಕಂಟ್ರೋಲುಗಳನ್ನು ನಾನು ಹೊಡೆದುಹಾಕಿದ್ದೆ, ಅವು ಇಲ್ಲಿವೆ." ಕ್ಷಮೆಯ ಪ್ಯಾರಾ ಒಂದನ್ನು ಅವರೇ ಬರೆದು ತಂದಿದ್ದರು, ತೆಗೆಸಿದೆವು. ಓದುವವರಿಗೆ ಟ್ಯಾಂಕ್ ನಂಬರ್ ಮೊದಲು ಕಾಣಬೇಕು.

ಕಂಟ್ರೋಲ್ ಫೇಲ್ ಆದರೆ ಹೊಸ ಕಪ್ಪಿನಲ್ಲಿ ಒಂದೇ ಸಲ ಮತ್ತೆ ಹಾಕಬಹುದು, ಎರಡೂ ಅಂಕಿ ರಿಜಿಸ್ಟರಿನಲ್ಲಿ ಉಳಿಯಬೇಕು. ಆಗಲೂ ಬಾರದಿದ್ದರೆ ಸ್ಯಾಂಪಲ್ ನಿಲ್ಲಿಸಿ ಫೋನ್ ಮಾಡುವುದು. ಬಂದರೂ, ಮೊದಲನೆಯದು ಯಾಕೆ ತಪ್ಪಿತೆಂದು ಹುಡುಕದೆ ವರದಿ ಕಳಿಸುವಂತಿಲ್ಲ. ನಿದ್ದೆಗೆ: ರಾತ್ರಿ ಒಂಬತ್ತರ ಮೇಲೆ ರಿಪೋರ್ಟಿನ ವಾಟ್ಸಾಪ್ ನೋಡಬಾರದು. ಎರಡು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರು. ನಡುರಾತ್ರಿ ತಾಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ನಾಲ್ಕನೇ ಭೇಟಿಗೆ ಬಂದಾಗ ಐದಾರು ಗಂಟೆ ನಿದ್ದೆ ಬರುತ್ತಿದೆ ಎಂದರು. ಪುಟವನ್ನು ಕೊಟ್ಟಾಗಿತ್ತು. ವೈನ್‌ಮೇಕರ್ ಸಿಟ್ಟಾದರು, ಆದರೆ ಟ್ಯಾಂಕುಗಳನ್ನು ಅದೇ ದಿನ ಮತ್ತೆ ಅಳೆಸಿದರು. ಯಂತ್ರದ ಮುಚ್ಚಳಕ್ಕೆ ಅವರು ಅಂಟಿಸಿದ ಚೀಟಿಯ ಫೋಟೋ ತೋರಿಸಿದರು: ಕಂಟ್ರೋಲ್, ಡ್ರೈ ವೈನ್, ಮ್ಯಾಲೋಲ್ಯಾಕ್ಟಿಕ್ ಟ್ಯಾಂಕ್, ಮಸ್ಟ್, ನೀರು ಎರಡು ಕಪ್, ಮತ್ತೆ ಕಂಟ್ರೋಲ್. ನೀರಿನ ಕಪ್ಪನ್ನೂ ಸಕ್ಕರೆಗೆ ಅಳೆದು ಬರೆದಿಡಲು ಹೇಳಿದೆವು. ಪ್ರೋಬ್ ಮತ್ತೆ ಕೊಳೆಯಾಗತೊಡಗಿದರೆ ಮೊದಲು ಕಾಣುವುದು ಅಲ್ಲೇ.