ತಕ್ಕಡಿಯ ಮುಂದೆ ವಿಶ್ವಾಸ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ನನ್ನದು. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಸೋಮವಾರ ಅಂಗಡಿ ಬಾಗಿಲು ತೆಗೆದರೆ ಮಾತ್ರ ಕರ್ತನ ನೆನಪೇ ಇರುವುದಿಲ್ಲ. ವರ್ಷದಲ್ಲಿ ಸತ್ಯವೇದ (ಬೈಬಲ್) ಪೂರ್ತಿ ಓದಬೇಕೆಂದು ಮೂರು ಸಲ ಹೊರಟು ಮೂರು ಸಲವೂ ಅದರ ಮೂರನೆಯ ಪುಸ್ತಕ ಯಾಜಕಕಾಂಡದಲ್ಲಿ ನಿಂತೆ. ಏನು ಮಾಡಲಿ?’

ಕರ್ತನಲ್ಲಿ ಪ್ರಿಯ ಸಹೋದರರೇ,

ಯಾಜಕಕಾಂಡದಲ್ಲಿ ನಿಂತವರು ನೀವೊಬ್ಬರೇ ಅಲ್ಲ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು-ನಾಲ್ಕು ಅಧ್ಯಾಯ ಬೇಕು. ಎರಡು ದಿನ ತಪ್ಪಿದರೆ ಬಾಕಿ ಬೆಟ್ಟದಷ್ಟಾಗಿ ಪುಸ್ತಕ ಮುಚ್ಚಿಬಿಡುತ್ತೇವೆ. ಈ ಸಲ ಮಾರ್ಕನ ಸುವಾರ್ತೆ ಹಿಡಿಯಿರಿ. 16 ಅಧ್ಯಾಯ, ದಿನಕ್ಕೊಂದು. 14ನೆಯದರಲ್ಲಿ 72 ವಚನಗಳಿವೆ, ಅದನ್ನು ಎರಡು ದಿನ ಮಾಡಿಕೊಳ್ಳಿ. ಹದಿನೇಳು ದಿನಕ್ಕೆ ಮುಗಿಯುತ್ತದೆ. ತಪ್ಪಿದ ದಿನದ ಬಾಕಿ ಹೊರಬೇಡಿ, ನಿಂತಲ್ಲಿಂದಲೇ ಮುಂದುವರಿಸಿ. ಮೊಬೈಲಿನಲ್ಲಿ ಓದುವುದು ಬೇಡ, ರೇಟಿನ ಮೆಸೇಜು ಬಂದರೆ ಮನಸ್ಸು ಯಾರ್ಡಿಗೆ ಓಡುತ್ತದೆ. ಒಂದೇ ಜಾಗ, ಒಂದೇ ಹೊತ್ತು, ಹದಿನೈದು ನಿಮಿಷ ಸಾಕು.

ಇಷ್ಟು ಮಾಡಿಯೂ ಸೋಮವಾರ ಮರೆತೇ ಹೋಗಬಹುದು. ಪ್ರಾರ್ಥನೆಗೂ ಅಂಗಡಿಗೂ ನಡುವೆ ಕೊಂಡಿ ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ನನ್ನ ಭಾವನೆ. ನೀವು ಓಡಿಬಂದ ಅದೇ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಆ ಕೊಂಡಿ ಇದೆ. ತಕ್ಕಡಿ, ತೂಕದ ಕಲ್ಲು, ಅಳತೆ ಎಲ್ಲವೂ ನ್ಯಾಯವಾಗಿರಬೇಕು ಎನ್ನುತ್ತದೆ ಅದು.

ಹಾಗಾಗಿ ಬೆಳಗಿನ ಪ್ರಾರ್ಥನೆಯ ಕೊನೆಯ ಭಾಗವನ್ನು ತಕ್ಕಡಿಯ ಮುಂದೆ ಮಾಡಿ. ಮೊದಲು ತಟ್ಟೆಯ ಕೆಳಗೆ ಸೇರಿದ ಕಾಳು, ಹೊಟ್ಟು, ದೂಳು ಗುಡಿಸಿ. ತಟ್ಟೆಗೆ ಏನಾದರೂ ಒತ್ತಿಕೊಂಡರೆ ತೂಕ ತಪ್ಪು ತೋರಿಸುತ್ತದೆ. ಸೊನ್ನೆ ನೋಡಿಕೊಂಡು 20 ಕೆಜಿಯ ಮುದ್ರೆಯ ಕಲ್ಲನ್ನು ನಡುವೆ ಇಡಿ, ಆಮೇಲೆ ನಾಲ್ಕು ಮೂಲೆಯಲ್ಲೂ ಇಡಿ. ಒಂದು ಮೂಲೆಯಲ್ಲಿ ವ್ಯತ್ಯಾಸ ಬಂದರೂ ರಿಪೇರಿಯಾಗುವ ತನಕ ಅದರಲ್ಲಿ ತೂಗಬೇಡಿ. ಚೀಲದ ತೂಕ ಕಳೆಯುವಾಗ ರೂಢಿಯ ಅಂದಾಜು ಬಿಡಿ. ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಬಂದಷ್ಟನ್ನೇ ಕಳೆಯಿರಿ. ಚೀಲಕ್ಕೆ 200 ಗ್ರಾಂ ಹೆಚ್ಚು ಕಳೆದರೆ ನೂರು ಚೀಲಕ್ಕೆ 20 ಕೆಜಿ ರೈತನ ಕಾಳು ನಿಮ್ಮದಾಗುತ್ತದೆ. ತೇವಾಂಶದ ಮೀಟರಿನ ಅಂಕಿಯನ್ನು ಬಾಯಲ್ಲಿ ಹೇಳದೆ ರೈತನಿಗೇ ತೋರಿಸಿ.

ಹಮಾಲರ ಕೂಲಿ ಇನ್ನೊಂದು. ಹೊತ್ತು ಮುಳುಗುವುದರೊಳಗೆ ಕೊಡು ಎನ್ನುತ್ತದೆ ಧರ್ಮೋಪದೇಶಕಾಂಡ 24:15. ವಾರದ ಬಟವಾಡೆ ಎಂದು ಮಾತಾಗಿದ್ದರೆ ಶನಿವಾರವೇ ಕೊಡಿ. ‘ಸೋಮವಾರ ಬಾ’ ಅಂದರೆ ಆ ಮನೆಯ ಭಾನುವಾರದ ಸಂತೆ ನಿಲ್ಲುತ್ತದೆ. ಸುಗ್ಗಿಯ ಗಡಿಬಿಡಿಯಲ್ಲಿ ಹೀಗಾಗುವುದು ಹೆಚ್ಚು; ದುಡ್ಡನ್ನು ಶುಕ್ರವಾರವೇ ಎತ್ತಿಡಿ.

ರಾತ್ರಿ ಲೆಕ್ಕದ ಪುಸ್ತಕ ಮುಚ್ಚುವ ಮುಂಚೆ ಐದು ನಿಮಿಷ ಬೇಕು. ‘ಕರ್ತನೇ, ನನ್ನ ಪಾಪ ಕ್ಷಮಿಸು’ ಎಂಬ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಹೆಸರು ಹಿಡಿದು ಹೇಳಿ: ಇಂದು ಯಾರ ಮೇಲೆ ರೇಗಿದೆ, ಯಾರಿಗೆ ಕಡಿಮೆ ಕೊಟ್ಟೆ. ರೇಗಿದ್ದಕ್ಕೆ ಅಂದೇ ಫೋನು ಮಾಡಿ.

ಹಣದ ತಪ್ಪಾದರೆ ಕ್ಷಮೆ ಕೇಳಿದರೆ ಸಾಲದು, ಹಿಂದಿರುಗಿಸಬೇಕು. ಅರಣ್ಯಕಾಂಡ 5:7 ಐದನೆಯ ಒಂದು ಪಾಲು ಸೇರಿಸಿ ಕೊಡು ಎನ್ನುತ್ತದೆ. ರೈತನಿಗೆ 400 ರೂಪಾಯಿ ಕಡಿಮೆ ಹೋಗಿದ್ದರೆ 480 ಕೊಡಿ. ಇದು ಮೋಶೆಯ ಕಾಲದ ವಿಧಿ, ನಿಜ. ಆದರೆ ಯೇಸುವನ್ನು ಮನೆಯಲ್ಲಿ ಸೇರಿಸಿಕೊಂಡ ಸುಂಕದವನಾದ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ತಾನಾಗಿಯೇ ನಾಲ್ಕರಷ್ಟು ಕೊಡುತ್ತೇನೆಂದ. ಕೊಡುವಾಗ ‘ನನ್ನ ತೂಕ ತಪ್ಪಿತ್ತು’ ಎಂದು ಬಾಯಿಬಿಟ್ಟು ಹೇಳಿ, ಇನಾಮು ಕೊಟ್ಟಂತೆ ಕೊಡಬೇಡಿ. ರೈತ ಸಿಗದಿದ್ದರೆ ಹಣವನ್ನು ಬೇರೆ ಲಕೋಟೆಯಲ್ಲಿ ಹೆಸರು, ತಾರೀಖು ಬರೆದು ಇಡಿ, ಮುಂದಿನ ಸುಗ್ಗಿಗೆ ಬಂದಾರು. ಅಲ್ಲಿಯವರೆಗೆ ಆ ಲಕೋಟೆ ಭಾನುವಾರದ ಕಾಣಿಕೆ ಚೀಲಕ್ಕೆ ಹೋಗಕೂಡದು. ಅದು ನಿಮ್ಮ ದುಡ್ಡಲ್ಲ.

— ಸಂಪಾದಕ