ಮೊದಲು ಗ್ಲಾಸಿನ ಚಳಿ ಬಿಡಲಿ

ನೀವು ಕೇಳಿದ್ದು ಇಷ್ಟು: ಗೆಳೆಯರೊಬ್ಬರು ಪೋರ್ಚುಗಲ್‌ನ ದೋರು ಕಣಿವೆಯ ಬಿಳಿ ವೈನ್ ತಂದುಕೊಟ್ಟರು. ಮೂರ್ನಾಲ್ಕು ತಳಿಯ ದ್ರಾಕ್ಷಿ ಬೆರೆಸಿ ಓಕ್ ಪೀಪಾಯಿಯಲ್ಲಿಟ್ಟದ್ದು. ಎಲ್ಲರೂ ಅದನ್ನು 'ಮಿನರಲ್' ಅಂತಾರೆ, ನಿಮಗೆ ಮಾತ್ರ ಬರೀ ಹುಳಿ ಸಿಕ್ಕಿತು. ನಿಮ್ಮ ನಾಲಿಗೆಯಲ್ಲೇ ಏನಾದರೂ ತೊಂದರೆ ಇದೆಯಾ?

ತೊಂದರೆ ಏನೂ ಇಲ್ಲ. ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದುಕೊಂಡಿರಿ, ಅಲ್ವಾ? ನನಗೂ ಹಾಗೇ ಆಗಿತ್ತು. ಕೆಲಸಕ್ಕೆಂದು ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಬಂದ ಮೊದಲ ವರ್ಷ, ನದಿ ದಡದ ಒಂದು ಹೋಟೆಲಿನಲ್ಲಿ ಇಂಥದೇ ವೈನನ್ನು ಐಸ್ ಬಕೆಟ್‌ನಿಂದ ತೆಗೆದು ಕೊಟ್ಟರು. ಹಲ್ಲು ಜುಮ್ಮೆನ್ನುವಷ್ಟು ತಂಪು, ನಿಂಬೆಹುಳಿ, ಅಷ್ಟೇ. ಮಾತಿನ ಭರದಲ್ಲಿ ಗ್ಲಾಸ್ ಮರೆತೆ. ಇಪ್ಪತ್ತು ನಿಮಿಷ ಬಿಟ್ಟು ಮೂಗಿನ ಹತ್ತಿರ ತಂದರೆ ಬೇರೆಯೇ ವಾಸನೆ! ಚಿಕ್ಕಂದಿನಲ್ಲಿ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡುತ್ತಿದ್ದೆವಲ್ಲ? ಆಮೇಲೆ ಕಲ್ಲು ಮೂಸಿದರೆ ಸುಟ್ಟಂಥದೊಂದು ವಾಸನೆ ಬರುತ್ತಿತ್ತು. ಅದೇ ಅದು. ಇವರು ಮಿನರಲ್ ಅನ್ನುವುದು ಹೆಚ್ಚುಕಮ್ಮಿ ಇದನ್ನೇ.

ಆದರೆ ನೆಲದ ಕಲ್ಲು ಬೇರಿನ ಮೂಲಕ ಹತ್ತಿ ಗ್ಲಾಸಿಗೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೋರು ಕಣಿವೆಯಲ್ಲಿ ಪದರ ಪದರವಾಗಿ ಏಳುವ ಶಿಸ್ಟ್ ಕಲ್ಲು ಇರುವುದು ನಿಜ. ಬೇರುಗಳು ಅದರ ಬಿರುಕಿನಲ್ಲೇ ಇಳಿಯುತ್ತವೆ. ಆದರೂ ವೈನ್‌ನಲ್ಲಿರುವ ಖನಿಜ ನಾಲಿಗೆಗೆ ಗೊತ್ತಾಗದಷ್ಟು ಕಡಿಮೆ. ಆ ವಾಸನೆಗೆ ಮುಖ್ಯ ಕಾರಣ ಹುದುಗುವಾಗ ಹುಟ್ಟುವ ಗಂಧಕದ ಅಂಶಗಳು. ಅದಕ್ಕೆ ಒಳ್ಳೆಯ ಹುಳಿ ಜೊತೆಯಾಗಬೇಕು, ಹಣ್ಣಿನ ಘಮ ಅಬ್ಬರಿಸಬಾರದು.

ಆ ಹುಳಿ ಬರುವುದು ಎತ್ತರದಿಂದ. ಕಣಿವೆಯ ತಳದಲ್ಲಿ ಬೇಸಿಗೆಯ ಬಿಸಿಲು ಸುಡುತ್ತದೆ. ಹಾಗಾಗಿ ಬಿಳಿ ವೈನಿಗೆ ಮುರ್ಸಾ ಊರಿನ ಕಡೆಯ ಎತ್ತರದ ತೋಟಗಳನ್ನು ಹುಡುಕುತ್ತಾರೆ. ಅಲ್ಲಿ ರಾತ್ರಿ ತಂಪು, ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ. ತಳಿಗಳಲ್ಲಿ ನನಗೆ ಪ್ರೀತಿ ರಾಬಿಗಾತು. ಪೋರ್ಚುಗೀಸ್ ಭಾಷೆಯಲ್ಲಿ ರಾಬು ಅಂದರೆ ಬಾಲ, ಗಾತು ಅಂದರೆ ಬೆಕ್ಕು. ಮಿಶ್ರಣಕ್ಕೆ ಬೆನ್ನೆಲುಬು ಕೊಡುವ ಹುಳಿ ಇದರದ್ದು. ವಿಯೊಜಿನ್ಯು, ಗೊವೇಯು, ಕೊಡೆಗ ದು ಲಾರಿನ್ಯು ಎಂಬ ತಳಿಗಳು ಘಮವನ್ನೂ ಬಾಯಿ ತುಂಬುವಂಥ ಮೈಯನ್ನೂ ಕೊಡುತ್ತವೆ. ಹಳೆಯ ತೋಟಗಳಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಬೆರೆತು ನಿಂತಿರುತ್ತವೆ.

ಇನ್ನು ಓಕ್. ಸಾಮಾನ್ಯವಾಗಿ 225 ಲೀಟರಿನ ಪೀಪಾಯಿ. ಹುದುಗು (ಯೀಸ್ಟ್) ಸತ್ತು ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದನ್ನು ಆಗಾಗ ಕೋಲಿನಿಂದ ಕಲಕಿದರೆ ವೈನಿಗೆ ಕೆನೆಯಂಥ ನುಣುಪು ಬರುತ್ತದೆ. ಹೊಸ ಮರ ವೆನಿಲಾ, ಕೊಬ್ಬರಿಯ ವಾಸನೆ ಬಿಡುತ್ತದೆ. ಮೂಗಿಟ್ಟ ಕೂಡಲೇ ವೆನಿಲಾ ಬಂದು, ಅದೇ ಕೊನೆಯವರೆಗೂ ಉಳಿದರೆ ನನ್ನ ಪ್ರಕಾರ ಮರ ಜಾಸ್ತಿಯಾಗಿದೆ. ಒಳ್ಳೆಯದರಲ್ಲಿ ಮರ ಹಿಂದೆ ನಿಲ್ಲುತ್ತದೆ. ನುಂಗಿದ ಮೇಲೆ ಉಪ್ಪು ಹಚ್ಚಿದ ಮಾವಿನಕಾಯಿ ತಿಂದಂತೆ ದವಡೆಯ ಬದಿಯಲ್ಲಿ ನೀರೂರುತ್ತದೆ. ಗಮನವಿಟ್ಟು ಕಾಯಬೇಕಾದ ಗಳಿಗೆ ಅದು.

12 ಡಿಗ್ರಿ ಆಸುಪಾಸಿನಲ್ಲಿ ಕುಡಿಯಿರಿ. ಮಂಗಳೂರಿನ ಸೆಖೆಗೆ ಹದಿನೈದು ನಿಮಿಷ ಹೊರಗಿಟ್ಟರೆ ಸಾಕು. ಗ್ಲಾಸ್ ಸ್ವಲ್ಪ ದೊಡ್ಡದಿರಲಿ, ಮೂರನೇ ಒಂದು ಭಾಗ ಮಾತ್ರ ತುಂಬಿ. ಜೊತೆಗೆ ಚಿಕನ್ ಘೀ ರೋಸ್ಟ್ ಬೇಡ, ಖಾರಕ್ಕೆ ಓಕ್ ಕಹಿಯಾಗುತ್ತದೆ. ಇಲ್ಲಿ ಪೋರ್ಟೊ ಪಕ್ಕದ ಮತೊಜಿನ್ಯುಶ್‌ನಲ್ಲಿ ರಸ್ತೆ ಬದಿಯಲ್ಲೇ ಕೆಂಡದ ಮೇಲೆ ಮೀನು ಸುಡುತ್ತಾರೆ. ಹಾಕುವುದು ಕಲ್ಲುಪ್ಪು, ಆಲಿವ್ ಎಣ್ಣೆ, ಅಷ್ಟೇ. ನಿಮ್ಮಲ್ಲಿ ಬೆಣ್ಣೆ, ಬೆಳ್ಳುಳ್ಳಿ ಹಾಕಿ ಹುರಿದ ಸಿಗಡಿ ಚೆನ್ನಾಗಿ ಹೊಂದುತ್ತದೆ.

ಬಾಟಲಿಯಲ್ಲಿ ಇನ್ನೂ ಉಳಿದಿದ್ದರೆ ಚೆಲ್ಲಬೇಡಿ. ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ, ನಾಳೆ ಸಂಜೆ ಸಿಗಡಿ ಒಲೆ ಮೇಲಿಡುವಾಗ ಹೊರಗೆ ತೆಗೆಯಿರಿ. ಆಮೇಲೆ ಏನು ವಾಸನೆ ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ನಾನು ಓದುತ್ತೇನೆ.