ಹಳೇ ಕಂಪ್ಯೂಟರ್‌ಗೆ ಹೊಸ ವಿಂಡೋಸ್: ಹಾಕಿಸಬೇಕಾ, ಬೇಡವಾ?

ಪ್ರಶ್ನೆ: ತರೀಕೆರೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನದು 6ನೇ ಜನರೇಷನ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇರುವ ಡೆಸ್ಕ್‌ಟಾಪ್. ವಿಂಡೋಸ್ 10 ಇದೆ. ನುಡಿ, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ, ಕರಪತ್ರ, ಬಾಂಡ್ ಪೇಪರ್ ಟೈಪಿಂಗ್ ಮಾಡುತ್ತೇನೆ. ಸೇವಾ ಸಿಂಧು ಅರ್ಜಿಗಳೂ ಇದರಲ್ಲೇ. ವಿಂಡೋಸ್ 10 ಮುಗಿಯಿತು ಅಂತ ಪರದೆ ಮೇಲೆ ಸೂಚನೆ ಬರುತ್ತಿದೆ. ರಿಪೇರಿಯವರು "ಫಾರ್ಮ್ಯಾಟ್ ಮಾಡಿ 11 ಹಾಕಿಕೊಡ್ತೀನಿ" ಅನ್ನುತ್ತಾರೆ. ಹಾಕಿಸಲಾ? ಹಳೇ ಫೈಲ್‌ಗಳು, ನುಡಿ ಎಲ್ಲ ಉಳಿಯುತ್ತಾ?

ಉತ್ತರ: ಫಾರ್ಮ್ಯಾಟ್‌ಗೆ ಈಗಲೇ ಒಪ್ಪಬೇಡಿ. ಮೊದಲು ನಿಮ್ಮ ಫೈಲ್‌ಗಳು ಇನ್ನೊಂದು ಕಡೆ ಬಂದು ಕೂರಲಿ. ಆಮೇಲೆ ಉಳಿದ ಮಾತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಂತ ಕಂಪ್ಯೂಟರ್ ಆನ್ ಆಗದೇ ಇರುವುದಿಲ್ಲ. ನುಡಿ ತೆರೆಯುತ್ತೆ, ಪ್ರಿಂಟ್ ಬರುತ್ತೆ, ಎಲ್ಲ ಮೊದಲಿನ ಹಾಗೇ. ನಿಂತಿದ್ದು ಸೆಕ್ಯುರಿಟಿ ಅಪ್‌ಡೇಟ್. ವಿಂಡೋಸ್ ಒಳಗೆ ಹೊಸದಾಗಿ ಯಾವುದಾದರೂ ಲೋಪ ಸಿಕ್ಕರೆ ಅದನ್ನು ಮುಚ್ಚುವ ಕೆಲಸ ಇನ್ನು ತಾನಾಗಿ ಆಗುವುದಿಲ್ಲ. ಆದರೆ ಕಳ್ಳರಿಗೆ ಆ ಲೋಪ ಗೊತ್ತಾಗಿಬಿಡುತ್ತೆ.

ಮನೆಯಲ್ಲಿ ಸಿನಿಮಾ ನೋಡುವವರಿಗೆ ಇದು ಸಣ್ಣ ವಿಷಯ ಇರಬಹುದು. ನಿಮಗಲ್ಲ. ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ವಾಟ್ಸಾಪ್ ವೆಬ್‌ನಲ್ಲಿ ಗಿರಾಕಿಗಳು ಕಳಿಸಿದ ಆಧಾರ್, ಪಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಫೋಟೋ, ಸಹಿ ಎಲ್ಲ ಅಲ್ಲೇ ಸಾಲಾಗಿ ಬಿದ್ದಿರುತ್ತವೆ. ಅವು ನಿಮ್ಮವಲ್ಲ, ನಿಮ್ಮನ್ನು ನಂಬಿ ಕೊಟ್ಟವರವು. ಕೆಲಸ ಮುಗಿದ ದಿನವೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ವಿಂಡೋಸ್ ಯಾವುದೇ ಇರಲಿ, ಈ ಅಭ್ಯಾಸ ಬೇಕು.

ಈಗ 11ರ ವಿಷಯ. ಇಂಟೆಲ್‌ನಲ್ಲಿ ಬಹುಪಾಲು 8ನೇ ಜನರೇಷನ್‌ನಿಂದ ಈಚೆಗಿನ ಪ್ರೊಸೆಸರ್‌ಗಳನ್ನು ಮಾತ್ರ ವಿಂಡೋಸ್ 11 ಒಪ್ಪುತ್ತದೆ. ಜೊತೆಗೆ ಟಿಪಿಎಂ 2.0, ಸೆಕ್ಯೂರ್ ಬೂಟ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಟಿಪಿಎಂ ಅಂದರೆ ಪಾಸ್‌ವರ್ಡ್, ಬೀಗದ ಕೀಲಿಯಂಥ ಗುಟ್ಟುಗಳನ್ನು ಬೇರೆಯಾಗಿ ಕಾಪಾಡುವ ಒಂದು ಭಾಗ. ಸೆಕ್ಯೂರ್ ಬೂಟ್ ಅಂದರೆ ಕಂಪ್ಯೂಟರ್ ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಓಡುವಂತೆ ನೋಡಿಕೊಳ್ಳುವ ಕಾವಲು. ನಿಮ್ಮ ಕಂಪ್ಯೂಟರ್ ಉಳಿದದ್ದರಲ್ಲಿ ಪಾಸಾದರೂ ಪ್ರೊಸೆಸರ್‌ನಲ್ಲಿ ಫೇಲ್. ಅದನ್ನು ಬಿಐಒಎಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಏನೇ ಬದಲಿಸಿದರೂ ಸರಿ ಮಾಡಲಾಗದು.

ಆದರೂ ರಿಪೇರಿಯವರು ಹಾಕಿಕೊಡುತ್ತೇನೆ ಅಂದದ್ದು ಸುಳ್ಳಲ್ಲ. ಈ ತಪಾಸಣೆಯನ್ನು ದಾಟಿಸುವ ದಾರಿಗಳಿವೆ. ರೂಫಸ್ ಅನ್ನೋ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮಾಡುವಾಗ ಒಂದೆರಡು ಟಿಕ್ ಹಾಕಿದರೆ ಸಾಕು, 11 ಕೂರುತ್ತದೆ. ಓಡುತ್ತದೆ ಕೂಡ. ಆದರೆ ಇಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲ ಕೈಯಾರೆ ಹಾಕಬೇಕಾಗುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಬೇಕು ಅಂತಲೇ ತಾನೇ ನಾವು 11ಕ್ಕೆ ಹೋಗುವುದು? ಅದೇ ಅನುಮಾನ ಅಂದಮೇಲೆ ದುಡಿಯುವ ಕಂಪ್ಯೂಟರ್‌ಗೆ ಈ ದಾರಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದನ್ನೂ ಕೇಳಿಕೊಳ್ಳಿ. ಅವರು ಹಾಕುವುದು ಅಸಲಿ ವಿಂಡೋಸಾ, ಲೈಸೆನ್ಸ್ ಇಲ್ಲದ ಕ್ರ್ಯಾಕಾ? ಕ್ರ್ಯಾಕ್ ಹಾಕುವಾಗ ಎಷ್ಟೋ ಸಲ ಆಂಟಿವೈರಸ್ ಆಫ್ ಮಾಡಿಯೇ ಹಾಕುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಬೇರೆ ಏನು ಬಂತೋ ಯಾರಿಗೆ ಗೊತ್ತು. ಗಿರಾಕಿಯ ಒಟಿಪಿ ಟೈಪ್ ಮಾಡುವ ಕಂಪ್ಯೂಟರ್‌ನಲ್ಲಿ ಅದು ಖಂಡಿತ ಬೇಡ.

ಹಾಗಾದರೆ ಏನು ಮಾಡುವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುವುದನ್ನೇ ಹೇಳುತ್ತೇನೆ.

ಮೊದಲು ಬ್ಯಾಕಪ್. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ. ಡಿ ಡ್ರೈವ್ ಮಾತ್ರ ಕಾಪಿ ಮಾಡಿ ಸುಮ್ಮನಾಗಬೇಡಿ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆಲ್ಲ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಆದಾಗ ಮೊದಲು ಹೋಗುವುದೇ ಅದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಬ್ರೌಸರ್‌ನ ಬುಕ್‌ಮಾರ್ಕ್, ಪೇಜ್‌ಮೇಕರ್ ಫೈಲ್‌ಗಳು ಮತ್ತು ಅವುಗಳಲ್ಲಿ ಬಳಸಿದ ಚಿತ್ರಗಳು, ಎಲ್ಲ ಬರಲಿ.

ಕಡ್ಡಾಯವಾಗಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಕೂಡ ಕಾಪಿ ಮಾಡಿ. ಇದನ್ನು ಮರೆತವರೇ ಜಾಸ್ತಿ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಒಳಗೆ ಇರುವುದು ನಿಜವಾದ ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಆ ಫಾಂಟ್ ಕನ್ನಡದ ರೂಪ ಕೊಟ್ಟಿರುತ್ತದೆ, ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ 'ಕ' ಇದ್ದಲ್ಲಿ ಇಂಗ್ಲಿಷಿನ 'ಪಿ', 'ನ' ಇದ್ದಲ್ಲಿ ಪೌಂಡ್ ಗುರುತು, ನಡುವೆ ತಲೆ ಮೇಲೆ ಗೆರೆ ಇರುವ 'ಎ'ಗಳು ಕಾಣುತ್ತವೆ. ಫೈಲ್ ಹಾಳಾಯಿತು ಅಂದುಕೊಂಡು ಅಳಿಸಿದವರೂ ಇದ್ದಾರೆ. ಅಳಿಸಬೇಡಿ. ಅದೇ ಫಾಂಟ್ ಇನ್‌ಸ್ಟಾಲ್ ಮಾಡಿದ ತಕ್ಷಣ ಕನ್ನಡ ವಾಪಸ್ ಬರುತ್ತದೆ. ಮುಂದೆ ಬೇಕಾಗುವ ಒಪ್ಪಂದ, ಕ್ರಯಪತ್ರದ ನಮೂನೆಗಳನ್ನು ಬಿಡುವಿದ್ದಾಗ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಪದ್ಧತಿಗೆ, ಬದಲಿಸಿಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಂದು ಸಲ ಓದಿ ನೋಡಿ, ಅರ್ಕಾವತ್ತು ಮತ್ತು ಒತ್ತಕ್ಷರಗಳ ಕಡೆ ಗಮನ ಇರಲಿ. ಲಗ್ನಪತ್ರಿಕೆಯ ಫೈಲ್‌ಗಳು ಹಾಗೇ ಇರಲಿ. ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ.

ಎರಡನೆಯದು ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್. ಕಂಪ್ಯೂಟರ್ ಸ್ಲೋ ಅಂತ ನೀವು ಬರೆದಿಲ್ಲ, ಆದರೆ 4 ಜಿಬಿ ರ‍್ಯಾಮ್ ಮತ್ತು ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ 10 ಹೇಗೆ ಓಡುತ್ತೆ ಅಂತ ನನಗೆ ಗೊತ್ತು. ಬೆಳಿಗ್ಗೆ ಆನ್ ಮಾಡಿ, ಅಂಗಡಿ ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ ಅಲ್ವಾ? ತಡ ಆಗುವುದು ಹೆಚ್ಚಾಗಿ ಹಾರ್ಡ್ ಡಿಸ್ಕ್‌ನಿಂದ. ಒಳಗೆ ತಟ್ಟೆ ತಿರುಗಿ, ಸೂಜಿ ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. 256 ಜಿಬಿಯ ಸಾಟಾ ಎಸ್‌ಎಸ್‌ಡಿ ನಿಮಗೆ ಸಾಕು. ಹಳೇ ಡಿಸ್ಕ್ ಚೆನ್ನಾಗಿದ್ದರೆ ಅದನ್ನು ಫೈಲ್ ಇಡೋಕೆ ಒಳಗೇ ಬಿಡಿ. ಸಿ ಡ್ರೈವ್‌ನಲ್ಲಿ ತುಂಬಿರುವುದು ಎಸ್‌ಎಸ್‌ಡಿಗೆ ಹಿಡಿಸುವಷ್ಟಿದ್ದರೆ ಅದನ್ನು ಹಾಗೇ ಕ್ಲೋನ್, ಅಂದರೆ ಪಡಿಯಚ್ಚು ನಕಲು, ಮಾಡಿಸಬಹುದು. ಆಗ ನುಡಿ, ಪೇಜ್‌ಮೇಕರ್, ಪ್ರಿಂಟರ್ ಯಾವುದನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ. ಫಾರ್ಮ್ಯಾಟ್ ಮಾತೇ ಬರಲ್ಲ. ರ‍್ಯಾಮ್ 8 ಜಿಬಿಗೆ ಏರಿಸಿ. ಕೊಳ್ಳುವ ಮುಂಚೆ ಈಗಿನ ರ‍್ಯಾಮ್ ಮೇಲಿನ ಸ್ಟಿಕರ್ ನೋಡಿ. 6ನೇ ಜನರೇಷನ್ ಬೋರ್ಡ್‌ಗಳಲ್ಲಿ ಹೆಚ್ಚಿನವು ಡಿಡಿಆರ್4, ಕೆಲವು ಡಿಡಿಆರ್3. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಮೂರನೆಯದು, ಮೈಕ್ರೋಸಾಫ್ಟ್ ಕೊಟ್ಟಿರುವ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ. ಹೆಸರು ಇಎಸ್‌ಯು. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಎಂದು ಅದನ್ನು ಪ್ರಕಟಿಸಿದರು. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ನೋಂದಣಿಯ ಕೊಂಡಿ ಅಲ್ಲೇ ಕಾಣುತ್ತದೆ. ವಿಂಡೋಸ್ ಬ್ಯಾಕಪ್ ಆನ್ ಮಾಡಿ ಸೆಟ್ಟಿಂಗ್‌ಗಳನ್ನು ಖಾತೆಗೆ ಸಿಂಕ್ ಮಾಡಿಕೊಂಡರೆ ದುಡ್ಡು ಕೊಡಬೇಕಾಗಿಲ್ಲ. ಇದು ಕಾಯಂ ಪರಿಹಾರ ಅಲ್ಲ, ಉಸಿರಾಡೋಕೆ ಸಿಕ್ಕ ಸಮಯ.

ಆ ಸಮಯದಲ್ಲಿ ಕೆಲಸವನ್ನು ಎರಡು ಮಾಡಿ ಅನ್ನುವುದು ನನ್ನ ಸಲಹೆ. ಆನ್‌ಲೈನ್ ಅರ್ಜಿ, ಪೇಮೆಂಟ್, ವಾಟ್ಸಾಪ್‌ಗೆ 11 ಅಧಿಕೃತವಾಗಿ ಓಡುವ ಇನ್ನೊಂದು ಕಂಪ್ಯೂಟರ್ ಮಾಡಿಕೊಳ್ಳಿ. ಹೊಸದೇ ಆಗಬೇಕಿಲ್ಲ, ಕಂಪನಿಗಳಿಂದ ಹೊರಬಂದ 8ನೇ ಜನರೇಷನ್ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಆದರೂ ನಡೆಯುತ್ತೆ. ಈಗಿನ ಕಂಪ್ಯೂಟರ್‌ನ ಇಂಟರ್‌ನೆಟ್ ತಂತಿ ಕಿತ್ತು, ನುಡಿ, ಪೇಜ್‌ಮೇಕರ್, ಪ್ರಿಂಟಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ. ಹಾಗಿದ್ದರೆ ವಿಂಡೋಸ್ 10 ಇನ್ನೂ ಬಹಳ ದಿನ ದುಡಿಯುತ್ತದೆ. ಒಂದೇ ಎಚ್ಚರ: ಗಿರಾಕಿಗಳ ಪೆನ್‌ಡ್ರೈವ್ ಇದಕ್ಕೆ ಹಾಕಬೇಡಿ. ನೆಟ್ ಇಲ್ಲದಿದ್ದರೂ ವೈರಸ್ ಬರುವ ಬಾಗಿಲು ಅದು. ಹೊಸ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿ, ನಿಮ್ಮದೇ ಒಂದು ಪೆನ್‌ಡ್ರೈವ್‌ನಲ್ಲಿ ಇತ್ತ ತನ್ನಿ.

ಪ್ರಶ್ನೆ: ಮಗಳ ಲ್ಯಾಪ್‌ಟಾಪ್ 8ನೇ ಜನರೇಷನ್ ಐ5, 8 ಜಿಬಿ ರ‍್ಯಾಮ್. ಆದರೂ "ಈ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ" ಎಂದು ಬರುತ್ತಿದೆ. ಹೊಸದು ಕೊಡಿಸಬೇಕಾ? (ಧಾರವಾಡದಿಂದ ಒಬ್ಬ ತಂದೆ)

ಉತ್ತರ: ಬೇಡ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶ ಹಾಕಿ ನೋಡಿ, ಯಾವುದರಲ್ಲಿ ಫೇಲ್ ಅಂತ ಅದು ಬಿಡಿಸಿ ಹೇಳುತ್ತದೆ. ಟಿಪಿಎಂನಲ್ಲಿ ಫೇಲ್ ಅಂತ ಬಂದರೆ, ಹೆಚ್ಚಾಗಿ ಅದು ಬಿಐಒಎಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅದರ ಹೆಸರು ಪಿಟಿಟಿ. ಆನ್ ಮಾಡಿ.

ಸೆಕ್ಯೂರ್ ಬೂಟ್‌ನಲ್ಲಿ ಫೇಲ್ ಅಂತ ಬಂದರೆ, ಹಿಂದೆ ಯಾರೋ ವಿಂಡೋಸ್ 10 ಹಾಕುವಾಗ ಲೆಗಸಿ ಎಂಬ ಹಳೇ ಬೂಟ್ ಮೋಡ್‌ನಲ್ಲಿ ಹಾಕಿರಬಹುದು. ಆಗ ಸುಮ್ನೆ ಬಿಐಒಎಸ್‌ಗೆ ಹೋಗಿ ಯುಇಎಫ್‌ಐ (ಹೊಸ ಬೂಟ್ ಮೋಡ್) ಅಂತ ಬದಲಿಸಿದರೆ ಲ್ಯಾಪ್‌ಟಾಪ್ ಬೂಟೇ ಆಗಲ್ಲ. ಗಾಬರಿ ಬೇಡ, ವಾಪಸ್ ಲೆಗಸಿ ಮಾಡಿದರೆ ಬರುತ್ತದೆ. ಮೊದಲು ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಎಂಬಿಆರ್ ಎಂಬ ಹಳೇ ಪದ್ಧತಿಯಿಂದ ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸಬೇಕು. ಅದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ, ಫೈಲ್‌ಗಳು ಹೋಗುವುದಿಲ್ಲ. ಆದರೂ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ. ಚಾರ್ಜರ್ ಸಿಕ್ಕಿಸಿಯೇ ಮಾಡಿ. ಈ ಕೆಲಸ ಗೊತ್ತಿರುವವರಿಂದ ಮಾಡಿಸಿದರೆ ಒಳ್ಳೆಯದು.

ಆಮೇಲೆ ವಿಂಡೋಸ್ ಅಪ್‌ಡೇಟ್ ಮೂಲಕವೇ 11 ಉಚಿತವಾಗಿ ಬರುತ್ತದೆ. ಮಗಳ ಕಾಲೇಜಿನ ತಂತ್ರಾಂಶ ಯಾವುದಾದರೂ ಕೈಕೊಟ್ಟರೆ 10 ದಿನದೊಳಗೆ ಹಿಂದಕ್ಕೆ ಹೋಗಬಹುದು, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿದೆ. ಆದ್ದರಿಂದ ಪರೀಕ್ಷೆಯ ಹಿಂದಿನ ವಾರ ಮಾಡಬೇಡಿ, ರಜೆಯಲ್ಲಿ ಮಾಡಿ. 11 ಬಂದ ಮೇಲೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ (ಬಿಟ್‌ಲಾಕರ್ ಅದಕ್ಕೆ ಗುಪ್ತ ಬೀಗ ಹಾಕಿದೆಯಾ) ನೋಡಿ. ಆಗಿದ್ದರೆ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದೊಮ್ಮೆ ಬಿಐಒಎಸ್ ಅಪ್‌ಡೇಟ್ ಆದಾಗ ಲ್ಯಾಪ್‌ಟಾಪ್ ಅದನ್ನು ಕೇಳಬಹುದು. ಆ ಅಂಕಿ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದನ್ನು ಯಾರಿಂದಲೂ ತೆಗೆದುಕೊಡಲು ಆಗುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಕುಂದಾಪುರ. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, ವಿಂಡೋಸ್ 7 ಇರುವ ಡೆಸ್ಕ್‌ಟಾಪ್ ಇದೆ. ಕನ್ನಡದಲ್ಲಿ ಬರೆಯಬೇಕು, ಪತ್ರಿಕೆ ಓದಬೇಕು, ಯಕ್ಷಗಾನ ನೋಡಬೇಕು. ಇಷ್ಟಕ್ಕೆ ಇದು ಸಾಲದೇ?

ಉತ್ತರ: ಬರೆಯೋಕೆ, ಓದೋಕೆ ಸಾಕು ಮೇಷ್ಟ್ರೇ. ವಿಂಡೋಸ್ 7ರಲ್ಲಿ ಮಾತ್ರ ಬೇಡ. ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. 2023ರಲ್ಲಿ ಬಂದ 109ನೇ ಆವೃತ್ತಿಯ ನಂತರ ಕ್ರೋಮ್ ಬ್ರೌಸರ್ ಕೂಡ ಅದಕ್ಕೆ ಹೊಸದು ಕೊಟ್ಟಿಲ್ಲ. ವಿಂಡೋಸ್ 11ರ ಆಸೆ ಬಿಡಿ. ಅದರ 24ಎಚ್2 ಆವೃತ್ತಿಗೆ ಬೇಕಾದ ಕೆಲವು ಪ್ರೊಸೆಸರ್ ಸೂಚನೆಗಳು (ಇನ್‌ಸ್ಟ್ರಕ್ಷನ್) ಕೋರ್ 2 ಡ್ಯುಯೋ ಒಳಗೇ ಇಲ್ಲ. ಅಡ್ಡದಾರಿಯಲ್ಲಿ ಹಾಕಿದರೂ ಬೂಟ್ ಆಗುವುದಿಲ್ಲ.

ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಸಿ. ಅದರಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಇದೆ. ದುಡ್ಡಿಲ್ಲ, ಲೈಸೆನ್ಸ್ ಗೋಜಿಲ್ಲ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಮೊದಲೇ ಡಿಸ್ಕ್‌ಗೆ ಹಾಕಬೇಕಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ಶಬ್ದ ಬರುತ್ತಾ, ಇಂಟರ್‌ನೆಟ್ ಸಿಗುತ್ತಾ, ಪ್ರಿಂಟರ್ ಕಾಣುತ್ತಾ ಅಂತ ಪರೀಕ್ಷಿಸಿ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ನಿಮ್ಮ ವಿಂಡೋಸ್ ಹಾಗೇ ಇರುತ್ತದೆ. ನಿಮ್ಮದು ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಆಗಿದ್ದರೆ ಲಿನಕ್ಸ್‌ನಲ್ಲಿ ಸ್ವಲ್ಪ ಗುದ್ದಾಡಬೇಕಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್ ಎಂಬ ಎರಡು ಪ್ಯಾಕೇಜ್ ಬೇಕು. ಅದರಲ್ಲಿ ಕೆಜಿಪಿ ಕೀಲಿಮಣೆ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ, ಅಕ್ಷರ ನೇರವಾಗಿ ಯೂನಿಕೋಡ್‌ನಲ್ಲಿ ಮೂಡುತ್ತದೆ. ಬರೆಯಲು ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ.

ಬೋರ್ಡ್ ಒಪ್ಪಿದರೆ ರ‍್ಯಾಮ್ 4 ಜಿಬಿ ಮಾಡಿಸಿ. 2 ಜಿಬಿಯಲ್ಲಿ ಬ್ರೌಸರ್‌ನ ಎರಡು ಮೂರು ಟ್ಯಾಬ್‌ಗೇ ಸುಸ್ತಾಗುತ್ತದೆ. ಅದಕ್ಕಿಂತ ಹೆಚ್ಚು ಖರ್ಚು ಈ ಕಂಪ್ಯೂಟರ್ ಮೇಲೆ ಬೇಡ. ಯಕ್ಷಗಾನದ ವಿಡಿಯೋವನ್ನು 480ಪಿಗೆ ಇಳಿಸಿ ನೋಡಿ. ಎಚ್‌ಡಿ ಹಾಕಿದರೆ ಚೆಂಡೆ ಒಂದು ಕಡೆ, ಹೆಜ್ಜೆ ಒಂದು ಕಡೆ ಆಗುತ್ತದೆ. ಇಡೀ ರಾತ್ರಿಯ ಪ್ರಸಂಗವಾದರೆ ಫೋನ್ ಅಥವಾ ಟಿವಿಯಲ್ಲಿ ನೋಡುವುದೇ ಸುಖ. ಈ ಕಂಪ್ಯೂಟರ್ ಬರವಣಿಗೆಗೆ ಇರಲಿ.